ಕ್ಯಾರವಾನ್‌ನಲ್ಲಿ ನೆಟ್: ಮೊದಲು ಟವರ್, ಆಮೇಲೆ ಜಾಗ

ವ್ಯಾನ್ ಬಾಡಿಗೆಗೆ ಕೊಟ್ಟವರು ಫೋನಿನಲ್ಲಿ 'ವೈಫೈ ಇದೆ ಸರ್, ಫುಲ್ ಸ್ಪೀಡು' ಅಂದಿದ್ದರು. ಸುಳ್ಳೇನಲ್ಲ, ಇತ್ತು. ಡ್ರೈವರ್ ಸೀಟಿನ ಹಿಂದೆ, ಸಿಮ್ ಹಾಕಿ ವೈಫೈ ಕೊಡುವ ಒಂದು ಪುಟ್ಟ ಡಾಂಗಲ್ ಹಸಿರು ದೀಪ ಮಿನುಗಿಸುತ್ತ ಕೂತಿತ್ತು. ಬೆಂಗಳೂರಿನಿಂದ ಹಾಸನದವರೆಗೆ ಮಕ್ಕಳು ಕಾರ್ಟೂನ್ ನೋಡಿಕೊಂಡೇ ಬಂದರು. ಮೂಡಿಗೆರೆ ದಾಟಿ ಕೊಟ್ಟಿಗೆಹಾರದ ಕಡೆ ಹೊರಟ ಮೇಲೂ ದೀಪ ಹಸಿರಾಗಿಯೇ ಇತ್ತು. ನೆಟ್ ಮಾತ್ರ ಇರಲಿಲ್ಲ. ಮಾರನೇ ದಿನ ಬೆಳಿಗ್ಗೆ 10ಕ್ಕೆ ನನಗೆ ಆಫೀಸಿನ ಮೀಟಿಂಗು.

ರಸ್ತೆ ಬದಿಯ ಗೂಡಂಗಡಿಯಲ್ಲಿ ಚಹಾ ಕುಡಿಯುತ್ತ ಅಂಗಡಿಯವರನ್ನು ಕೇಳಿದೆ. 'ಟವರ್ರಾ? ಇಲ್ಲಿ ನಿಂತ್ರೆ ಸಿಗುದಿಲ್ಲ ಮಾರಾಯ್ರೆ. ಹಿಂದೆ ಶಾಲೆ ಸಿಕ್ತಲ್ಲ, ಅದರ ಏರಿಗೆ ಹೋಗಿ. ಹಲಸಿನ ಮರದ ಹತ್ರ ಎರಡು ಕಡ್ಡಿ ಬರ್ತದೆ' ಅಂದರು. ವ್ಯಾನ್ ತಿರುಗಿಸಿಕೊಂಡು ಅರ್ಧ ಕಿಲೋಮೀಟರ್ ಹಿಂದೆ ಹೋದೆವು. ಎರಡಲ್ಲ, ಮೂರು ಕಡ್ಡಿ ಬಂತು.

ಕ್ಯಾರವಾನ್‌ಗೆ ನೆಟ್ ಹೇಗೆ ಮಾಡಿಕೊಳ್ಳುವುದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ರೂಟರ್, ಆಂಟೆನಾ ಎಲ್ಲ ಆಮೇಲೆ. ಮನೆಯನ್ನು ಎತ್ತಿ ಬೇರೆ ಕಡೆ ಇಡಲು ಆಗುವುದಿಲ್ಲ, ಕ್ಯಾರವಾನ್ ಅನ್ನು ಇಡಬಹುದು. ಆ ಅನುಕೂಲ ಬಿಟ್ಟು ಸುಮ್ನೆ ಸಾಮಾನು ಖರೀದಿಗೆ ಇಳಿಯುವವರೇ ಜಾಸ್ತಿ.

ನಮ್ಮಲ್ಲಿ ಬಾಡಿಗೆಗೆ ಸಿಗುವ ಕ್ಯಾರವಾನ್ ಅಂದರೆ ಹೆಚ್ಚಾಗಿ ಒಳಗೆ ಹಾಸಿಗೆ, ಅಡುಗೆ ಕಟ್ಟೆ, ಶೌಚಾಲಯ ಕೂರಿಸಿದ ಟಿಟಿ (ಟೆಂಪೊ ಟ್ರಾವೆಲರ್ ವ್ಯಾನ್). ಡ್ರೈವರ್ ಜೊತೆಗೇ ಬರುತ್ತಾರೆ. ನಾನು ಇಲ್ಲಿ ಹೇಳುವುದು ಅಂಥ ವ್ಯಾನ್‌ನಲ್ಲಿ ಮಲೆನಾಡು, ಕರಾವಳಿ ಸುತ್ತುವವರಿಗಾಗಿ.

ಹೆಜ್ಜೆ 1: ಹೊರಡುವ ಮೂರು ದಿನ ಮೊದಲೇ ಎರಡನೇ ಸಿಮ್

ಒಂದೇ ಕಂಪನಿಯ ಸಿಮ್ ನಂಬಿಕೊಂಡು ಘಟ್ಟ ಹತ್ತಬೇಡಿ. ಮನೆಯಲ್ಲಿ ನಾಲ್ಕು ಫೋನಿದ್ದು ನಾಲ್ಕೂ ಒಂದೇ ಕಂಪನಿಯದಾದರೆ ಅದು ಒಂದೇ ಸಿಮ್ ಇದ್ದಂತೆ. ಕನಿಷ್ಠ ಎರಡು ಬೇರೆ ಕಂಪನಿ ಇರಲಿ. ಮಲೆನಾಡಿನ ಒಳಭಾಗಕ್ಕೆ ಹೋಗುವುದಾದರೆ ಮೂರನೆಯದಾಗಿ ಬಿಎಸ್‌ಎನ್‌ಎಲ್ ಇಟ್ಟುಕೊಳ್ಳಿ. ಬೇರೆಯವರ ಟವರ್ ಇಲ್ಲದ ಎಷ್ಟೋ ಊರುಗಳಲ್ಲಿ ಅವರ ಟವರ್ ಇದೆ.

ಈಗಿನ ಎಷ್ಟೋ ಫೋನುಗಳಲ್ಲಿ ಇ-ಸಿಮ್ ಸೌಲಭ್ಯ ಇರುವುದರಿಂದ ಎರಡನೆಯದಕ್ಕೆ ಪ್ಲಾಸ್ಟಿಕ್ ಚೂರೂ ಬೇಕಿಲ್ಲ. ಆದರೆ ಇರುವ ನಂಬರನ್ನು ಇ-ಸಿಮ್‌ಗೆ ಬದಲಾಯಿಸಿದರೆ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ. ಮೋಸ ತಡೆಯಲು ಮಾಡಿದ ನಿಯಮ ಅದು. ಎಸ್‌ಎಂಎಸ್ ಇಲ್ಲ ಅಂದರೆ ಬ್ಯಾಂಕಿನ ಒಟಿಪಿಯೂ ಇಲ್ಲ. ಹೊರಡುವ ದಿನ ಬೆಳಿಗ್ಗೆ ಈ ಕೆಲಸಕ್ಕೆ ಕೈ ಹಾಕಿದರೆ ದಾರಿಯಲ್ಲಿ ಪೇಚಾಟ. ಹಾಗಾಗಿಯೇ ಮೂರು ದಿನ ಮೊದಲು ಅಂದೆ.

ಮನೆಯ ಏರ್‌ಫೈಬರ್ (ತಂತಿಯಿಲ್ಲದೆ ಟವರಿನಿಂದ ಮನೆಗೆ ನೆಟ್ ಕೊಡುವ) ಪೆಟ್ಟಿಗೆಯನ್ನೇ ಕಿತ್ತು ವ್ಯಾನಿಗೆ ಹಾಕಿಕೊಂಡು ಹೋಗೋಣ ಅನ್ನುವ ಐಡಿಯಾ ಕೆಲವರಿಗೆ ಬರುತ್ತದೆ. ಬೇಡ. ಅದು ಮನೆಯ ವಿಳಾಸಕ್ಕೆ ಕೊಟ್ಟ ಸಂಪರ್ಕ.

ಹೆಜ್ಜೆ 2: ಎಷ್ಟು ಜಿಬಿ ಬೇಕು, ಲೆಕ್ಕ ಹಾಕಿ

ವಿಡಿಯೊ ಮೀಟಿಂಗ್ ಗಂಟೆಗೆ ಸುಮಾರು 1 ಜಿಬಿ ತಿನ್ನುತ್ತದೆ. ಮಕ್ಕಳ ಕಾರ್ಟೂನ್ 480ಪಿಯಲ್ಲಿ ಓಡಿದರೆ ಗಂಟೆಗೆ ಅರ್ಧ ಜಿಬಿ, ಹೈ ಡೆಫಿನಿಷನ್‌ನಲ್ಲಾದರೆ ಒಂದೂವರೆಯಿಂದ 3 ಜಿಬಿ. ವಾಟ್ಸ್‌ಆ್ಯಪ್, ಮೇಲ್, ನಕ್ಷೆ ಇವೆಲ್ಲ ಲೆಕ್ಕಕ್ಕೇ ಬರುವುದಿಲ್ಲ. ದಿನಕ್ಕೆ 2 ಜಿಬಿ ಪ್ಯಾಕ್ ಇರುವವರು ಬೆಳಿಗ್ಗೆ ಎರಡು ಮೀಟಿಂಗ್ ಮುಗಿಸುವಷ್ಟರಲ್ಲಿ ಅವತ್ತಿನ ಕೋಟಾ ಖಾಲಿ. ಆಮೇಲೆ ಸಿಗುವುದು 64 ಕೆಬಿಪಿಎಸ್. ಅದರಲ್ಲಿ ಒಂದು ಫೋಟೊ ತೆರೆಯುವಷ್ಟರಲ್ಲಿ ಅನ್ನ ಬೆಂದಿರುತ್ತದೆ.

ಕೆಲಸಕ್ಕೆ ಬಳಸುವ ಸಿಮ್‌ಗೆ ದಿನದ ಮಿತಿ ಇಲ್ಲದ, ಒಟ್ಟಿಗೆ ಇಷ್ಟು ಜಿಬಿ ಅಂತ ಕೊಡುವ ಡೇಟಾ ಪ್ಯಾಕ್ ಮೇಲಿಂದ ಹಾಕಿಸಿ. 5ಜಿ ಅನ್‌ಲಿಮಿಟೆಡ್ ಇದೆಯಲ್ಲ ಅನ್ನಬೇಡಿ. 5ಜಿ ಇರುವ ಕಡೆ ಮಾತ್ರ ಅದು ಅನ್‌ಲಿಮಿಟೆಡ್. ಘಟ್ಟದಲ್ಲಿ ಫೋನು 4ಜಿಗೆ ಇಳಿದ ಕೂಡಲೇ ಮೀಟರ್ ಓಡುತ್ತದೆ.

ನಿಮಗೆ ಗೊತ್ತಿಲ್ಲದೆ ಡೇಟಾ ಸೋರುವ ಜಾಗಗಳೂ ಇವೆ. ಹಾಟ್‌ಸ್ಪಾಟ್ ಆದರೂ ಲ್ಯಾಪ್‌ಟಾಪ್‌ಗೆ ಅದು ಮನೆಯ ವೈಫೈ ಥರವೇ ಕಾಣುತ್ತದೆ. ಸದ್ದಿಲ್ಲದೆ ಅಪ್‌ಡೇಟ್ ಇಳಿಸಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಆ ವೈಫೈಯನ್ನು 'ಮೀಟರ್ಡ್ ಕನೆಕ್ಷನ್' ಅಂತ ಗುರುತು ಮಾಡಿ. ಐಫೋನ್‌ನಲ್ಲಿ 'ಲೋ ಡೇಟಾ ಮೋಡ್' ಹಾಕಿ. ಎಲ್ಲರ ಫೋನಿನಲ್ಲೂ ಫೋಟೊ ಬ್ಯಾಕಪ್ ನಿಲ್ಲಿಸಿ. ನಮ್ಮ ಮೊದಲ ಪ್ರವಾಸದಲ್ಲಿ ನಮ್ಮತ್ತೆಯ ಫೋನು ಒಂದೇ ರಾತ್ರಿಯಲ್ಲಿ ಇಡೀ ಜಲಪಾತವನ್ನೇ ಕ್ಲೌಡ್‌ಗೆ ಏರಿಸಿಬಿಟ್ಟಿತ್ತು.

ಹೆಜ್ಜೆ 3: ತಂಗುವ ಜಾಗವನ್ನು ಟವರ್ ನೋಡಿ ಆರಿಸಿ

ಸ್ವಲ್ಪ ಸಮಯ ಕೊಡಬೇಕಾದ ಹೆಜ್ಜೆ ಇದು.

ಮೊಬೈಲ್ ಕಂಪನಿಗಳ ವೆಬ್‌ಸೈಟ್‌ನಲ್ಲಿ ಕವರೇಜ್ ನಕ್ಷೆ ಇರುತ್ತದೆ. ದೂರಸಂಪರ್ಕ ಇಲಾಖೆಯ 'ತರಂಗ್ ಸಂಚಾರ್' ಪೋರ್ಟಲ್‌ನಲ್ಲಿ ಯಾವ ಊರಿನ ಸುತ್ತ ಎಲ್ಲಿ ಟವರ್ ಇದೆ ಅಂತ ನೋಡಬಹುದು. ಎರಡನ್ನೂ ನೋಡಿ, ಆದರೆ ಪೂರ್ತಿ ನಂಬಬೇಡಿ. ನಕ್ಷೆಯಲ್ಲಿ ಬಣ್ಣ ಬಳಿದ ಜಾಗದ ನಡುವೆ ಒಂದು ಗುಡ್ಡ ಎದ್ದು ನಿಂತಿದ್ದರೆ ಅದರ ಬೆನ್ನಿನ ಕಡೆ ಏನೂ ಸಿಗುವುದಿಲ್ಲ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳ ತಿರುವುಗಳಲ್ಲಿ ನೆಟ್ ಬಂದು ಹೋಗಿ ಮಾಡುವುದು ಇದಕ್ಕೇ. ಘಾಟಿ ಇಳಿಯುವ ಹೊತ್ತಿನಲ್ಲಿ ಮೀಟಿಂಗ್ ಇಟ್ಟುಕೊಳ್ಳುವ ಸಾಹಸ ಬೇಡ. ಮೇಲೆ ಕೊಟ್ಟಿಗೆಹಾರದಲ್ಲೋ ಸಕಲೇಶಪುರದಲ್ಲೋ ಕೂತು ಕೆಲಸ ಮುಗಿಸಿ. ಇಲ್ಲವೇ ಕೆಳಗೆ ಉಜಿರೆ ಮುಟ್ಟಿದ ಮೇಲೆ ಶುರು ಮಾಡಿ.

ನಕ್ಷೆಗಿಂತ ಊರಿನವರ ಮಾತು ಮೇಲು. ಮಲೆನಾಡಿನಲ್ಲಿ ನೆಟ್ ಸಿಗುವ ಬಂಡೆ, ಸಿಗುವ ಮರ, ಸಿಗುವ ತಿರುವು ಎಲ್ಲರಿಗೂ ಗೊತ್ತು. ಕೊರೊನಾ ಕಾಲದಲ್ಲಿ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಗುಡ್ಡ ಹತ್ತಿ ಹತ್ತಿ ಕಲಿತ ಭೂಗೋಳ ಅದು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನಲ್ಲಿ ಮಗಳು ರಸ್ತೆ ಬದಿ ಕೂತು ಪಾಠ ಕೇಳುತ್ತಿದ್ದರೆ ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದ ಫೋಟೊ ನೆನಪಿದೆ ಅಲ್ವಾ? ಹಾಗಾಗಿ ಹೋಂಸ್ಟೇಗೆ ಫೋನ್ ಮಾಡಿದಾಗ 'ನೆಟ್ ಇದೆಯಾ' ಅಂತ ಕೇಳಬೇಡಿ. ಎಲ್ಲರೂ 'ಇದೆ' ಅನ್ನುತ್ತಾರೆ. 'ವ್ಯಾನ್ ನಿಲ್ಲಿಸುವ ಜಾಗದಲ್ಲಿ ಯಾವ ಸಿಮ್ ಹಿಡಿಯುತ್ತದೆ, ವಿಡಿಯೊ ಕಾಲ್ ಬರುತ್ತದಾ' ಅಂತ ಕೇಳಿ. ಫೈಬರ್ ಎಳೆಸಿಕೊಂಡ ಹೋಂಸ್ಟೇಗಳು ಈಗ ಬೇಕಾದಷ್ಟಿವೆ. ಅಂಥವರ ಅಂಗಳದಲ್ಲಿ ವ್ಯಾನ್ ನಿಲ್ಲಿಸಲು ಒಪ್ಪಿದರೆ ಅರ್ಧ ತಲೆನೋವು ಕಳೆಯಿತು. ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಕೊಂಡರೆ ಟವರ್ ಇಲ್ಲದೆಯೂ ಮಾತಾಡಬಹುದು.

ಜಾಗಕ್ಕೆ ಬಂದ ಮೇಲೆ ಎಂಜಿನ್ ಆರಿಸುವ ಮೊದಲು ಐದು ನಿಮಿಷ ಅಳತೆ ಮಾಡಿ. ಕಡ್ಡಿ ಎಣಿಸುವುದು ಸಾಲದು. ಫೋನಿನ ಒಳಗೆ ನಿಜವಾದ ಅಂಕಿ ಇರುತ್ತದೆ. ಆ್ಯಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್', ಅದರೊಳಗೆ 'ಸಿಮ್ ಸ್ಟೇಟಸ್' ನೋಡಿ. ಐಫೋನ್ ಆದರೆ *3001#12345#* ಒತ್ತಿ ಕರೆ ಮಾಡಿ. ಮೈನಸ್ ಇಷ್ಟು ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ) ಅಂತ ಬರುತ್ತದೆ. ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ದುರ್ಬಲ. 4ಜಿಯಲ್ಲಿ ಮೈನಸ್ 85ರ ಆಸುಪಾಸು ಇದ್ದರೆ ಆರಾಮ. ಮೈನಸ್ 100ರಲ್ಲೂ ಕೆಲಸ ನಡೆಯುತ್ತದೆ. 110 ದಾಟಿದರೆ ಮೆಸೇಜ್‌ಗೆ ಮಾತ್ರ. 120 ಅಂದರೆ ಊಟ ಮಾಡಿ ಮಲಗಿ. ಮೈನಸ್ 100 ಇದ್ದದ್ದು ಮೈನಸ್ 103 ಆಗುವಂತೆ ಪ್ರತಿ 3 ಅಂಕ ಇಳಿದಾಗ ಸಿಗ್ನಲ್ಲಿನ ಶಕ್ತಿ ಅರ್ಧವಾಗುತ್ತದೆ. ವ್ಯಾನನ್ನು ಹತ್ತಿಪ್ಪತ್ತು ಮೀಟರ್ ಮುಂದೆ ತೆಗೆದರೆ 6 ಅಂಕ ಸುಧಾರಿಸುವುದು ಅಪರೂಪವೇನಲ್ಲ. ಅಂದರೆ ನಾಲ್ಕು ಪಟ್ಟು ಶಕ್ತಿ, ಖರ್ಚಿಲ್ಲದೆ.

ಎತ್ತರ ಹೋದಷ್ಟೂ ಒಳ್ಳೆಯದು ಅನ್ನುವುದೂ ಪೂರ್ತಿ ನಿಜವಲ್ಲ. ಮುಳ್ಳಯ್ಯನಗಿರಿಯಂಥ ತುದಿಯಲ್ಲಿ ಕಡ್ಡಿ ತುಂಬ ಕಾಣುತ್ತದೆ, ಪೇಜ್ ತೆರೆಯುವುದಿಲ್ಲ. ಅಲ್ಲಿ ಫೋನಿಗೆ ದೂರದೂರದ ಹತ್ತಾರು ಟವರ್‌ಗಳು ಒಟ್ಟಿಗೆ ಕೇಳಿಸುತ್ತವೆ. ಸಂತೆಯಲ್ಲಿ ನಿಂತು ಒಬ್ಬರ ಮಾತು ಕೇಳಿಸಿಕೊಳ್ಳುವ ಕಷ್ಟ ಅದು. ಇನ್ನು ಶನಿವಾರ ಸಂಜೆಯ ಗೋಕರ್ಣದಲ್ಲಿ ತೊಂದರೆ ಬೇರೆ. ಸಿಗ್ನಲ್ ಇದೆ, ಹಂಚಿಕೊಳ್ಳುವವರು ಜಾಸ್ತಿ. ಬೆಳಿಗ್ಗೆ 6ಕ್ಕೆ ಎದ್ದು ಫೈಲ್ ಕಳಿಸಿ, ಎಲ್ಲ ಸಲೀಸು.

ಹೆಜ್ಜೆ 4: ತಗಡಿನ ಡಬ್ಬಿಯಿಂದ ಫೋನನ್ನು ಹೊರಗೆ ತನ್ನಿ

ಟಿಟಿಯ ಮೈ ಕಬ್ಬಿಣದ ತಗಡು. ಸಿಗ್ನಲ್ ಒಳಗೆ ಬರುವುದು ಕಿಟಕಿಯಿಂದಲೇ. ಹಾಸಿಗೆ ಮೇಲೆ ಫೋನ್ ಇಟ್ಟು ಹಾಟ್‌ಸ್ಪಾಟ್ ಹಾಕಿ ನೆಟ್ ಬರ್ತಿಲ್ಲ ಅಂದರೆ ತಪ್ಪು ಫೋನಿನದಲ್ಲ. ಟವರ್ ಇರುವ ದಿಕ್ಕಿನ ಕಿಟಕಿಯ ಮೇಲ್ತುದಿಗೆ ಫೋನ್ ನೇತುಹಾಕಿ, ನೀವು ಒಳಗೆ ಕೂತು ವೈಫೈಯಲ್ಲಿ ಕೆಲಸ ಮಾಡಿ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಫೋನಿಗೆ ಕಿಟಕಿಯ ಸರಳೇ ಕಾಯಂ ಜಾಗ. ಇನ್ನೂ ಮೇಲಕ್ಕೆ ಬೇಕಾದರೆ ಒಂದು ಹಳೆಯ ಫೋನನ್ನೋ ಬ್ಯಾಟರಿ ಇರುವ ಡಾಂಗಲ್ಲನ್ನೋ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ದೋಟಿಯ ತುದಿಗೆ ಕಟ್ಟಿ ಎತ್ತಿ ನಿಲ್ಲಿಸಿ. ನೋಡಿದವರು ನಗುತ್ತಾರೆ, ನಗಲಿ. ಬಿಸಿಲಿನಲ್ಲಿ ಮಾತ್ರ ಬೇಡ, ಡಬ್ಬಿಯೊಳಗೆ ಫೋನ್ ಬೆಂದುಹೋಗುತ್ತದೆ.

ವರ್ಷಕ್ಕೆ ಒಂದೆರಡು ಸಲ ಹೋಗುವವರಿಗೆ ಇಷ್ಟು ಸಾಕು. ತಿಂಗಳುಗಟ್ಟಲೆ ವ್ಯಾನಿನಿಂದಲೇ ಕೆಲಸ ಮಾಡುವವರು ಸಿಮ್ ಹಾಕುವ 4ಜಿ ಅಥವಾ 5ಜಿ ರೂಟರ್ ಕೊಳ್ಳಬಹುದು. ಹೊರಗಿನ ಆಂಟೆನಾ ಸಿಕ್ಕಿಸುವ ತೂತು ಇರುವುದನ್ನೇ ಕೊಳ್ಳಿ. ಯಾವ ಬ್ಯಾಂಡ್‌ಗಳು (ಸಿಗ್ನಲ್ ಬರುವ ಆವರ್ತನದ ಪಟ್ಟಿಗಳು) ಓಡುತ್ತವೆ ಅಂತ ಡಬ್ಬಿಯ ಮೇಲೆ ಓದಿ. ಕಾಡುಮೇಡಿನಲ್ಲಿ ದೂರ ಹೋಗುವುದು ಕಡಿಮೆ ಆವರ್ತನದ ಸಿಗ್ನಲ್: ಜಿಯೊದ 850 ಮೆಗಾಹರ್ಟ್ಸ್ (ಬ್ಯಾಂಡ್ 5), ಏರ್‌ಟೆಲ್‌ನ 900 (ಬ್ಯಾಂಡ್ 8), ಬಿಎಸ್‌ಎನ್‌ಎಲ್ 4ಜಿಯ 700 (ಬ್ಯಾಂಡ್ 28). 2300ರ ಬ್ಯಾಂಡ್ 40 ವೇಗ ಕೊಡುತ್ತದೆ, ಆದರೆ ಗುಡ್ಡ ಮರ ದಾಟುವುದಿಲ್ಲ. ವಿದೇಶದಿಂದ ತರಿಸಿದ ರೂಟರ್‌ಗಳಲ್ಲಿ ಎಷ್ಟೋ ಸಲ ನಮಗೆ ಬೇಕಾದ ಬ್ಯಾಂಡೇ ಇರುವುದಿಲ್ಲ. ಆಂಟೆನಾದ ಕೇಬಲ್ ದಪ್ಪಗೆ, ಗಿಡ್ಡಗೆ ಇರಲಿ. ಹತ್ತು ಮೀಟರ್ ತೆಳು ಕೇಬಲ್ ಹಾಕಿದರೆ ಚಾವಣಿಯ ಮೇಲೆ ಹಿಡಿದದ್ದನ್ನೆಲ್ಲ ಕೇಬಲ್ಲೇ ನುಂಗುತ್ತದೆ.

ಎರಡು ವಸ್ತು ಮಾತ್ರ ಮುಟ್ಟಬೇಡಿ. ಒಂದು, ಆನ್‌ಲೈನ್‌ನಲ್ಲಿ ಸಿಗುವ ಸಿಗ್ನಲ್ ಬೂಸ್ಟರ್. ಪರವಾನಗಿ ಇಲ್ಲದೆ ಅದನ್ನು ಹಾಕುವುದು ನಮ್ಮ ದೇಶದಲ್ಲಿ ಅಪರಾಧ. ಸುತ್ತಲಿನವರ ನೆಟ್ಟೂ ಕೆಡುತ್ತದೆ. ರೂಟರ್‌ಗೆ ಸಿಕ್ಕಿಸುವ ಆಂಟೆನಾ ಬೇರೆ, ಬೂಸ್ಟರ್ ಬೇರೆ. ಎರಡು, ವಿದೇಶದಲ್ಲಿ ಕೊಂಡ ಉಪಗ್ರಹ ಫೋನು, ಉಪಗ್ರಹ ಇಂಟರ್‌ನೆಟ್ ತಟ್ಟೆ. ಅಮೆರಿಕ, ಆಸ್ಟ್ರೇಲಿಯಾದಲ್ಲಿ ಕ್ಯಾರವಾನ್ ಮೇಲೆ ಸ್ಟಾರ್‌ಲಿಂಕ್ ತಟ್ಟೆ ಇಟ್ಟುಕೊಂಡು ಓಡಾಡುವ ನೆಂಟರು ನಿಮಗಿರಬಹುದು. ಅವರ ಕೈಲಿ ತರಿಸಿಕೊಳ್ಳಬೇಡಿ. ಅನುಮತಿ ಇಲ್ಲದೆ ತಂದರೆ ವಿಮಾನ ನಿಲ್ದಾಣದಲ್ಲೇ ವಿಚಾರಣೆ.

ಹೆಜ್ಜೆ 5: ಕರೆಂಟಿನ ಲೆಕ್ಕ

ರೂಟರ್ ತಿನ್ನುವುದು 8–10 ವಾಟ್ ಅಷ್ಟೆ. ಹಸಿವು ಜಾಸ್ತಿ ಇರುವುದು ಲ್ಯಾಪ್‌ಟಾಪ್‌ಗೆ, 50–60 ವಾಟ್. ವ್ಯಾನಿನ ಒಳಗಿನ ಬ್ಯಾಟರಿ 12 ವೋಲ್ಟ್, 100 ಆ್ಯಂಪಿಯರ್-ಅವರ್‌ನ ಸೀಸದ ಬ್ಯಾಟರಿಯಾದರೆ ನೆಮ್ಮದಿಯಾಗಿ ಬಳಸಬಹುದಾದ್ದು ಅದರ ಅರ್ಧ, ಅಂದರೆ 600 ವಾಟ್-ಅವರ್. ಲ್ಯಾಪ್‌ಟಾಪ್ ಆರು ಗಂಟೆ ಓಡಿದರೆ ಅದರಲ್ಲಿ ಅರ್ಧವೋ ಇನ್ನೂ ಹೆಚ್ಚೋ ಹೋಯಿತು. ಫ್ಯಾನು, ದೀಪ, ಫ್ರಿಜ್ಜಿಗೆ ಉಳಿದದ್ದು ಎಷ್ಟು ನೀವೇ ನೋಡಿ. ವ್ಯಾನ್ ಓಡುವಾಗಲೇ ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಳ್ಳಿ. 12 ವೋಲ್ಟಿನ ರೂಟರನ್ನು ಇನ್ವರ್ಟರ್ ಮೂಲಕ ಓಡಿಸಿ ಕರೆಂಟ್ ಪೋಲು ಮಾಡಬೇಡಿ, ನೇರ ಬ್ಯಾಟರಿಗೇ ಕೊಡಬಹುದು. ನಡುವೆ ವೋಲ್ಟೇಜ್ ಹದದಲ್ಲಿಡುವ ಒಂದು ರೆಗ್ಯುಲೇಟರ್ ಇರಲಿ. ಎಂಜಿನ್ ಓಡುವಾಗ 12 ವೋಲ್ಟ್ 14 ದಾಟುತ್ತದೆ.

ಹೆಜ್ಜೆ 6: ಕೈಕೊಟ್ಟಾಗ

ಕಡ್ಡಿ ಇದ್ದೂ ನೆಟ್ ಇಲ್ಲದಿದ್ದರೆ ಏರೋಪ್ಲೇನ್ ಮೋಡ್ ಹಾಕಿ ತೆಗೆಯಿರಿ. ದುರ್ಬಲ 5ಜಿಗೆ ಜೋತುಬಿದ್ದು ಫೋನು ಒದ್ದಾಡುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ 4ಜಿಗೆ ಇಳಿಸಿ. ಮೀಟಿಂಗ್‌ನಲ್ಲಿ ವಿಡಿಯೊ ಆಫ್ ಮಾಡಿ, ಮಾತಿಗೆ ತೀರಾ ಕಡಿಮೆ ಡೇಟಾ ಸಾಕು.

ಮಳೆಗಾಲದಲ್ಲಿ ಇನ್ನೊಂದು ವಿಷಯ ಗಮನಿಸಿ. ಮಳೆಯಿಂದ 4ಜಿ ಸಿಗ್ನಲ್ ಅಷ್ಟೇನೂ ಕೆಡುವುದಿಲ್ಲ. ಗಾಳಿಗೆ ಮರ ಬಿದ್ದು ಕರೆಂಟ್ ಹೋದಾಗ ಟವರ್ ಬ್ಯಾಟರಿಯ ಮೇಲೆ ಓಡುತ್ತದೆ. ಆ ಬ್ಯಾಟರಿ ಮುಗಿದರೆ, ಡೀಸೆಲ್ಲೂ ಇಲ್ಲದಿದ್ದರೆ, ಟವರ್ ಸತ್ತಂತೆ. ಒಂದೇ ಕಂಬದ ಮೇಲೆ ಎರಡು ಮೂರು ಕಂಪನಿ ಇದ್ದರೆ ಎಲ್ಲವೂ ಒಟ್ಟಿಗೆ ಹೋಗಬಹುದು. ಹಾಗಾಗಿ ಊರಿನಲ್ಲಿ ಕರೆಂಟ್ ಹೋಯಿತು ಅಂತ ಗೊತ್ತಾದ ಕೂಡಲೇ ಕಳಿಸಬೇಕಾದ ಫೈಲ್ ಕಳಿಸಿಬಿಡಿ. ಆಮೇಲೆ ಅಂದರೆ ಇಲ್ಲ.

ಗೂಗಲ್ ಮ್ಯಾಪ್ಸ್‌ನಲ್ಲಿ ದಾರಿಯ ಇಡೀ ಭಾಗವನ್ನು ಮನೆಯಲ್ಲೇ ಇಳಿಸಿಟ್ಟುಕೊಳ್ಳಿ. ಜಿಪಿಎಸ್‌ಗೆ ನೆಟ್ ಬೇಕಿಲ್ಲ. ನಿಮ್ಮ ಸಿಮ್‌ಗೆ ಟವರ್ ಇಲ್ಲದೆ 'ತುರ್ತು ಕರೆ ಮಾತ್ರ' ಅಂತ ತೋರಿಸುತ್ತಿದ್ದರೆ ಬೇರೆ ಕಂಪನಿಯ ಟವರ್ ಹತ್ತಿರದಲ್ಲಿದೆ ಅಂತ ಅರ್ಥ. 112 ಅದರ ಮೂಲಕವೇ ಹೋಗುತ್ತದೆ. ರಾತ್ರಿ ಕಾಡಿನ ರಸ್ತೆ ಬದಿ ಸಿಗ್ನಲ್ ಚೆನ್ನಾಗಿದೆ ಅಂತ ವ್ಯಾನ್ ನಿಲ್ಲಿಸಿ ಮಲಗಬೇಡಿ. ಅರಣ್ಯ ಇಲಾಖೆಯವರು ಎಬ್ಬಿಸುತ್ತಾರೆ, ಅದಕ್ಕಿಂತ ಮೊದಲು ಆನೆ ಎಬ್ಬಿಸಿದರೆ ಇನ್ನೂ ಕಷ್ಟ.

ಮತ್ತೆ ಜೇಬಿನಲ್ಲಿ ಒಂದೆರಡು ಸಾವಿರ ರೂಪಾಯಿ ಚಿಲ್ಲರೆ ನೋಟು ಇರಲಿ. ಹಲಸಿನ ಮರದ ಹತ್ತಿರ ಮೀಟಿಂಗ್ ಮುಗಿಸಿ ಅದೇ ಗೂಡಂಗಡಿಗೆ ವಾಪಸ್ ಬಂದು ಚಹಾ ಕುಡಿದು ಸ್ಕ್ಯಾನ್ ಮಾಡಲು ಹೋದೆ. ಚಕ್ರ ತಿರುಗುತ್ತಲೇ ಇತ್ತು. 'ನಿನ್ನೆಯೇ ಹೇಳಿದ್ದೆನಲ್ಲ, ಇಲ್ಲಿ ಸಿಗುದಿಲ್ಲ ಅಂತ' ಅಂದರು ಅಂಗಡಿಯವರು.