ಮೊದಲು ಮುಖ, ಆಮೇಲೆ ದೀಪ: ಬಚ್ಚಲುಮನೆಯ ಗೋಡೆಗೆ ಬೆಳಕು ಕೂರಿಸುವ ಬಗೆ

ಬೆಳಿಗ್ಗೆ ಗಡ್ಡ ಹೆರೆದುಕೊಂಡು ಹೊರಟಿರುತ್ತೀರಿ. ಬಿಸಿಲಿಗೆ ಬಂದ ಮೇಲೆ ಯಾರೋ ದವಡೆಯ ಕಡೆ ಬೆರಳು ತೋರಿಸಿ, "ಇಲ್ಲಿ ಒಂದಿಷ್ಟು ಉಳಿದಿದೆ" ಎನ್ನುತ್ತಾರೆ. ಬ್ಲೇಡನ್ನು ಬಯ್ಯಬೇಡಿ. ಬಚ್ಚಲುಮನೆಯ ಚಾವಣಿಯ ನಡುವೆ ಉರಿಯುವ ಒಂಟಿ ದೀಪ ಕನ್ನಡಿ ನೋಡುವವರ ಬೆನ್ನಿಗೆ ಬೆಳಕು ಸುರಿದು ಮುಖಕ್ಕೆ ನೆರಳು ಬಿಟ್ಟಿರುತ್ತದೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ಇಲ್ಲಿ ಗಾದೆಯಲ್ಲ, ನಿತ್ಯದ ಅನುಭವ.

ಇದಕ್ಕೆ ಮದ್ದು ಗೋಡೆ ದೀಪ. ಆದರೆ ಹೆಚ್ಚಿನವರು ಅಂಗಡಿಗೆ ಹೋಗಿ ಚೆಂದದ ದೀಪವೊಂದನ್ನು ಮೆಚ್ಚಿ ತಂದು, ಆಮೇಲೆ ಅದಕ್ಕೆ ಜಾಗ ಹುಡುಕುತ್ತಾರೆ. ಈ ಕ್ರಮ ತಿರುವುಮುರುವು. ಮೊದಲು ನಿಮ್ಮ ಮುಖ ಎಲ್ಲಿ ನಿಲ್ಲುತ್ತದೆ ಎಂಬುದು ತಿಳಿಯಬೇಕು. ದೀಪದ ಎತ್ತರ, ಅಂತರ, ಗಾತ್ರ ಎಲ್ಲವೂ ಅದರಿಂದಲೇ ನಿರ್ಧಾರವಾಗುತ್ತವೆ.

ಮೊದಲ ಹೆಜ್ಜೆ: ಕನ್ನಡಿಯ ಮುಂದೆ ನಿಂತು ಅಳೆಯಿರಿ

ಅಳತೆಪಟ್ಟಿ, ಪೆನ್ಸಿಲ್, ಅಂಟುಪಟ್ಟಿ ಸಾಕು. ಬೇಸಿನ್ ಎದುರು ಎಂದಿನಂತೆ ನಿಂತುಕೊಂಡು ನೆಲದಿಂದ ಕಣ್ಣಿನ ಮಟ್ಟದವರೆಗಿನ ಎತ್ತರವನ್ನು ಗೋಡೆಯ ಮೇಲೆ ಗುರುತು ಮಾಡಿಸಿಕೊಳ್ಳಿ. ಮನೆಯ ವಯಸ್ಕರೆಲ್ಲರದ್ದೂ ಹೀಗೆ ಗುರುತಾಗಲಿ. ಕಣ್ಣು ನೆತ್ತಿಗಿಂತ ಸುಮಾರು 11–12 ಸೆಂ.ಮೀ. ಕೆಳಗಿರುತ್ತದೆ, ಹಾಗಾಗಿ 180 ಸೆಂ.ಮೀ. ಎತ್ತರದವರ ಕಣ್ಣು 168ರ ಆಸುಪಾಸು, 160 ಸೆಂ.ಮೀ. ಎತ್ತರದವರ ಕಣ್ಣು 149ರ ಹತ್ತಿರ ಬರುತ್ತದೆ. ಇಬ್ಬರೂ ಒಂದೇ ಕನ್ನಡಿ ಬಳಸುವುದಾದರೆ ದೀಪದ ನಡುಭಾಗ 158–160 ಸೆಂ.ಮೀ. ಎತ್ತರದಲ್ಲಿರುವುದು ಇಬ್ಬರಿಗೂ ಒಪ್ಪುವ ರಾಜಿ. ಎತ್ತರದ ವ್ಯತ್ಯಾಸ ತೀರಾ ಹೆಚ್ಚಿದ್ದರೆ ಗುಂಡನೆಯ ಪುಟ್ಟ ದೀಪದ ಬದಲು 45–60 ಸೆಂ.ಮೀ. ಉದ್ದದ ನೀಳ ದೀಪವನ್ನು ಲಂಬವಾಗಿ ಹಾಕಿಸಿ. ಆಗ ಯಾರೂ ಬಾಗಬೇಕಿಲ್ಲ, ತುದಿಗಾಲಲ್ಲಿ ನಿಲ್ಲಬೇಕಿಲ್ಲ.

ಕನ್ನಡಿಯನ್ನು ಇನ್ನೂ ಕೊಂಡಿಲ್ಲವಾದರೆ ಇಲ್ಲಿಗೇ ನಿಲ್ಲಿ. ಅದರ ಅಗಲ ಗೊತ್ತಿಲ್ಲದೆ ವೈರಿನ ಪಾಯಿಂಟ್ ಬಿಡಿಸಬೇಡಿ. ನಾನು ಬಿಡಿಸಿದ್ದೆ. ಟೈಲ್ಸ್ ಕೆಲಸ ಮುಗಿಯಲಿ ಎಂಬ ಆತುರದಲ್ಲಿ ಅಂದಾಜಿನ ಮೇಲೆ ಎರಡು ಪಾಯಿಂಟ್ ಇಟ್ಟೆ. ಆಮೇಲೆ ತಂದದ್ದು ಬಾಗಿಲಿರುವ ಕನ್ನಡಿ ಕಪಾಟು. ಬಲಗಡೆಯ ಬಾಗಿಲು ತೆರೆದಾಗಲೆಲ್ಲ ದೀಪದ ಗಾಜಿಗೆ ಟಣ್ಣೆಂದು ತಾಗುತ್ತಿತ್ತು. ಮೂರನೆಯ ತಿಂಗಳಿಗೆ ಗಾಜು ಸೀಳಿತು, ದೀಪ ಬದಲಾಯಿತು. ಪಾಯಿಂಟ್ ಮಾತ್ರ ಇಂದಿಗೂ ಅಲ್ಲೇ ಇದೆ, ಬಾಗಿಲನ್ನು ಅರ್ಧವೇ ತೆರೆಯುವ ಅಭ್ಯಾಸ ನನಗಾಗಿದೆ.

ಎರಡನೆಯ ಹೆಜ್ಜೆ: ಎರಡೂ ಬದಿಗೆ ಒಂದೊಂದು

ಬೆಳಕು ಮೇಲಿನಿಂದ ಬಿದ್ದರೆ ಹುಬ್ಬಿನ ನೆರಳು ಕಣ್ಣಿನ ಗುಳಿಗೆ, ಮೂಗಿನ ನೆರಳು ತುಟಿಗೆ, ಗಲ್ಲದ ನೆರಳು ಕುತ್ತಿಗೆಗೆ ಬೀಳುತ್ತದೆ. ನಿದ್ದೆಗೆಟ್ಟವರ ಹಾಗೆ ಕಾಣುತ್ತೇವೆ. ಒಂದೇ ಬದಿಯಿಂದ ಬಂದರೆ ಅರ್ಧ ಮುಖ ಬೆಳಗಿ ಉಳಿದರ್ಧ ಮಂಕಾಗುತ್ತದೆ. ಸಣ್ಣ ದೀಪವೊಂದರಿಂದ ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುವುದು ಭೌತಶಾಸ್ತ್ರದ ಹಳೆಯ ನಿಯಮ. ಆದ್ದರಿಂದ ಒಂದು ಬದಿಗೆ ಭಾರೀ ದೀಪ ಹಾಕಿದರೆ ಇನ್ನೊಂದು ಬದಿಯ ಕೊರತೆ ತುಂಬುವುದಿಲ್ಲ. ಎಡಕ್ಕೊಂದು, ಬಲಕ್ಕೊಂದು, ಕಣ್ಣಿನ ಮಟ್ಟದಲ್ಲಿ ಇಟ್ಟಾಗ ಒಂದರ ನೆರಳನ್ನು ಇನ್ನೊಂದು ಅಳಿಸುತ್ತದೆ.

ಎರಡರ ನಡುವಿನ ಅಂತರ 70ರಿಂದ 100 ಸೆಂ.ಮೀ. ಇರಲಿ. 60 ಸೆಂ.ಮೀ. ಅಗಲದ ಕನ್ನಡಿಯ ಎರಡೂ ಅಂಚಿನಿಂದ 10 ಸೆಂ.ಮೀ. ಬಿಟ್ಟು ದೀಪದ ನಡುಗೆರೆ ಬರುವಂತೆ ಹಾಕಿದರೆ ಅಂತರ ಸರಿಯಾಗಿ 80 ಆಗುತ್ತದೆ. ಮುಖದ ನಡುವಿನಿಂದ ಪ್ರತಿ ದೀಪಕ್ಕೂ ಪಕ್ಕಕ್ಕೆ 40 ಸೆಂ.ಮೀ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಜೋಡಣೆ ಇಲ್ಲ. ತೀರಾ ಹತ್ತಿರ ತಂದರೆ ಕಣ್ಣು ಕುಕ್ಕುತ್ತದೆ. 100 ದಾಟಿದರೆ ಕೆನ್ನೆಗೆ ಬೆಳಕು ಸಿಗುತ್ತದೆ, ಮೂಗಿನ ಪಕ್ಕ ಮತ್ತೆ ಮಬ್ಬು.

ಪರೀಕ್ಷೆಗೆ ಖರ್ಚೇನೂ ಇಲ್ಲ. ದೀಪದ ಅಳತೆಗೆ ಹಳೆಯ ಪತ್ರಿಕೆಯನ್ನು ಕತ್ತರಿಸಿ ಗೋಡೆಗೆ ಅಂಟಿಸಿ; ಓದಿ ಮುಗಿದಿದ್ದರೆ ಈ ಪುಟವೇ ಆದೀತು. ಕತ್ತಲಾದ ಮೇಲೆ ಮನೆಯವರಿಬ್ಬರ ಕೈಗೆ ಒಂದೊಂದು ಟಾರ್ಚ್ ಕೊಟ್ಟು, ಅದರ ಬಾಯಿಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿಸಿ, ಕಾಗದ ಅಂಟಿಸಿದ ಜಾಗದಲ್ಲಿ ಹಿಡಿಯಲು ಹೇಳಿ. ಮೇಲೆ ಕೆಳಗೆ, ಆಚೆ ಈಚೆ ಸರಿಸಿ ನೋಡಿ. ಗಲ್ಲ ಎತ್ತಿದಾಗ ಕುತ್ತಿಗೆ ಕಾಣುವ ಜಾಗ ಯಾವುದೋ ಅದೇ ನಿಮ್ಮ ಪಾಯಿಂಟ್. ಕಾಗದವನ್ನು ಎರಡು ದಿನ ಹಾಗೆಯೇ ಬಿಡಿ. ಟವೆಲ್ ಎಳೆಯುವಾಗ, ಕಪಾಟು ತೆರೆಯುವಾಗ, ಬಾಗಿಲು ಒಳಕ್ಕೆ ತಿರುಗುವಾಗ ಅದಕ್ಕೆ ಏನಾದರೂ ತಾಗಿದರೆ ನಾಳೆ ಗಾಜಿಗೂ ತಾಗುತ್ತದೆ.

ಬದಿಯಲ್ಲಿ ಜಾಗವೇ ಇಲ್ಲದಿದ್ದರೆ

ಕೆಲವು ಬಚ್ಚಲುಮನೆಗಳಲ್ಲಿ ಕನ್ನಡಿ ಗೋಡೆಯಿಂದ ಗೋಡೆಗೆ ಇರುತ್ತದೆ, ಇಲ್ಲವೇ ಮೂಲೆಗೆ ಒತ್ತಿಕೊಂಡಿರುತ್ತದೆ. ಆಗ ಕನ್ನಡಿಯ ಮೇಲ್ಗಡೆ ಅಡ್ಡ ದೀಪವೇ ಗತಿ. ಆದರೆ ಅದು ಉದ್ದವಾಗಿರಬೇಕು: ಕಡಿಮೆಯೆಂದರೂ 60 ಸೆಂ.ಮೀ., ಸಾಧ್ಯವಾದರೆ ಕನ್ನಡಿಯ ಅಗಲದ ಮುಕ್ಕಾಲು ಭಾಗ. ನೆಲದಿಂದ 190–200 ಸೆಂ.ಮೀ. ಎತ್ತರದಲ್ಲಿ, ಗೋಡೆಗೆ ಅಂಟಿಕೊಳ್ಳದೆ 15 ಸೆಂ.ಮೀ. ಆದರೂ ಮುಂದಕ್ಕೆ ಚಾಚಿರುವಂಥದ್ದನ್ನು ಆರಿಸಿ. ಹೀಗೆ ಚಾಚಿದ ದೀಪದ ಬೆಳಕಿನಲ್ಲಿ ಒಂದು ಪಾಲು ಬಿಳಿ ಬೇಸಿನ್‌ನ ಮೇಲೆ ಬಿದ್ದು ಅಲ್ಲಿಂದ ಗಲ್ಲದ ಅಡಿಗೆ ಪುಟಿಯುತ್ತದೆ. ಕಪ್ಪು ಕಲ್ಲಿನ ಬೇಸಿನ್ ಇಟ್ಟವರಿಗೆ ಈ ಲಾಭವಿಲ್ಲ. ಗೋಡೆಯ ಟೈಲ್ಸ್ ಕೂಡ ಗಾಢ ಬಣ್ಣದ್ದಾಗಿದ್ದರೆ ಅಷ್ಟೇ ದೀಪದಲ್ಲಿ ಕೋಣೆ ಕಳೆಗುಂದಿ ಕಾಣುತ್ತದೆ.

ಮೂರನೆಯ ಹೆಜ್ಜೆ: ನೀರು ಎಲ್ಲಿಯವರೆಗೆ ಹಾರುತ್ತದೆ?

ಜಾಗ ನಿಶ್ಚಯವಾದ ಮೇಲೆ ಆ ಜಾಗಕ್ಕೆ ತಕ್ಕ ದೀಪ. ಪೆಟ್ಟಿಗೆಯ ಮೇಲೆ ಐಪಿ ಎಂದು ಬರೆದು ಎರಡು ಅಂಕಿ ಕೊಟ್ಟಿರುತ್ತಾರೆ. ಮೊದಲನೆಯದು ಧೂಳು, ಕಡ್ಡಿ, ಬೆರಳು ಒಳನುಗ್ಗದಂತೆ ಇರುವ ರಕ್ಷಣೆ, ಎರಡನೆಯದು ನೀರಿನದು. ಬಚ್ಚಲಿಗೆ ಮುಖ್ಯವಾದದ್ದು ಎರಡನೆಯದು. 4 ಎಂದರೆ ಯಾವ ದಿಕ್ಕಿನಿಂದ ಸಿಡಿದ ನೀರನ್ನೂ ತಡೆಯುತ್ತದೆ, 5 ಎಂದರೆ ಕೊಳವೆಯಿಂದ ಚಿಮ್ಮಿಸಿದ ನೀರನ್ನೂ ತಾಳುತ್ತದೆ, 7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಕೆಡುವುದಿಲ್ಲ. ಅಂಕಿಯ ಜಾಗದಲ್ಲಿ ಎಕ್ಸ್ ಅಕ್ಷರವಿದ್ದರೆ ಆ ಗುಣಕ್ಕೆ ಅಂಕಿ ಕೊಟ್ಟಿಲ್ಲ ಎಂದಷ್ಟೇ ಅರ್ಥ.

ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 60364 ಸ್ನಾನದ ಕೋಣೆಯನ್ನು ವಲಯಗಳಾಗಿ ವಿಂಗಡಿಸುತ್ತದೆ. ತೊಟ್ಟಿಯ ಒಳಭಾಗ ಸೊನ್ನೆಯ ವಲಯ. ಅದರ ನೇರ ಮೇಲೆ, ನೆಲದಿಂದ 2.25 ಮೀಟರ್ ಎತ್ತರದವರೆಗೆ ಒಂದನೆಯ ವಲಯ. ಅಲ್ಲಿಂದ ಪಕ್ಕಕ್ಕೆ 60 ಸೆಂ.ಮೀ. ಎರಡನೆಯದು. ತೊಟ್ಟಿಯಿಲ್ಲದೆ ಬರಿಯ ಶವರ್ ಇದ್ದರೆ, ನೀರು ಬೀಳುವ ಬಿಂದುವಿನಿಂದ 1.2 ಮೀಟರ್ ದೂರದವರೆಗೂ ಒಂದನೆಯ ವಲಯವೇ. ಒಂದು, ಎರಡನೆಯ ವಲಯಗಳಲ್ಲಿ ನೀರಿನ ಅಂಕಿ 4ಕ್ಕಿಂತ ಕಡಿಮೆ ಇರಬಾರದು. ದೇಶದಿಂದ ದೇಶಕ್ಕೆ ನಿಯಮ ಅಷ್ಟಿಷ್ಟು ಬದಲಾಗುವುದರಿಂದ ನಿಮ್ಮ ಎಲೆಕ್ಟ್ರಿಷಿಯನ್‌ನ ಮಾತು ಕೇಳಿ. ಬೇಸಿನ್ ಈ ವಲಯಗಳಾಚೆ ಇದ್ದರೂ ನಾನು ಐಪಿ 44ಕ್ಕಿಂತ ಕೆಳಗಿನದನ್ನು ಕೊಳ್ಳುವುದಿಲ್ಲ. ಕೈಶವರ್ ಹಿಡಿದ ಮಗುವಿಗೆ ವಲಯದ ಗಡಿ ಗೊತ್ತಿರುವುದಿಲ್ಲ. ಶವರಿನ ನೀರು ನೇರವಾಗಿ ತಾಗುವ ಗೋಡೆಗೆ ಐಪಿ 65 ಹಾಕಿಸಿ.

ನಾಲ್ಕನೆಯ ಹೆಜ್ಜೆ: ಬೆಳಕಿನ ಬಣ್ಣ ನೋಡಿ, ವ್ಯಾಟ್ ನೋಡಬೇಡಿ

ವ್ಯಾಟ್ ಹೇಳುವುದು ವಿದ್ಯುತ್ತಿನ ಲೆಕ್ಕವನ್ನು. ಬೆಳಕಿನ ಲೆಕ್ಕ ಲ್ಯೂಮೆನ್‌ನಲ್ಲಿದೆ. ಹಳೆಯ 60 ವ್ಯಾಟ್ ಬಲ್ಬು ಕೊಡುತ್ತಿದ್ದದ್ದು 700–800 ಲ್ಯೂಮೆನ್. ಕನ್ನಡಿಯ ಎರಡೂ ಬದಿ ಸೇರಿ 1500 ಲ್ಯೂಮೆನ್ ಹತ್ತಿರ ಇದ್ದರೆ ಗಡ್ಡ ಹೆರೆಯಲು, ಹುಬ್ಬು ತಿದ್ದಲು ಧಾರಾಳ.

ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. 2700 ಹಳದಿ ಛಾಯೆಯದು, 4000 ಹಳದಿಯೂ ಅಲ್ಲದ ನೀಲಿಯೂ ಅಲ್ಲದ ಬಿಳಿ, 6500 ತಣ್ಣನೆಯ ನೀಲಿ ಬಿಳಿ. ಆರೂವರೆ ಸಾವಿರದ ಬೆಳಕಿನಲ್ಲಿ ಟೈಲ್ಸ್ ಫಳಫಳ ಹೊಳೆಯಬಹುದು, ಮುಖ ಮಾತ್ರ ಜ್ವರದಿಂದ ಎದ್ದಂತೆ ಕಾಣುತ್ತದೆ. 3000ದಿಂದ 4000ದೊಳಗೆ ಒಂದನ್ನು ಆರಿಸಿಕೊಂಡು ಕೋಣೆಯ ಎಲ್ಲ ದೀಪಗಳಿಗೂ ಅದನ್ನೇ ಹಾಕಿ. ಎಡಗೆನ್ನೆ ಹಳದಿ, ಬಲಗೆನ್ನೆ ನೀಲಿ ಆಗಬಾರದಲ್ಲ.

ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿ ಸಿಆರ್‌ಐ ಎಂದು ಇನ್ನೊಂದು ಅಂಕಿ ಇರುತ್ತದೆ. ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ ಇದು, 100 ಪೂರ್ಣಾಂಕ. ಸಾಮಾನ್ಯ ಎಲ್‌ಇಡಿಗಳು 80ರ ಹತ್ತಿರ ಇರುತ್ತವೆ. ಕನ್ನಡಿಗೆ 90 ದಾಟಿದ್ದನ್ನೇ ಹುಡುಕಿ. ಚರ್ಮದಲ್ಲಿ ಕೆಂಪಿನ ಅಂಶ ಹೆಚ್ಚು, ಅಗ್ಗದ ಎಲ್‌ಇಡಿಗಳು ಸೋಲುವುದೂ ಕೆಂಪಿನಲ್ಲೇ. ಉರಿಯುತ್ತಿರುವ ದೀಪದಡಿ ಅಂಗೈ ಚಾಚಿ ನೋಡಿ. ಅಂಗೈ ಬೂದಿ ಬಡಿದಂತೆ ಕಂಡರೆ ಆ ದೀಪ ಅಂಗಡಿಯಲ್ಲೇ ಇರಲಿ. ಹಾಗೆಯೇ ಮೊಬೈಲ್ ಕ್ಯಾಮೆರಾವನ್ನು ದೀಪದತ್ತ ಹಿಡಿಯಿರಿ. ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿದಾಡಿದರೆ ಬೆಳಕು ಮಿನುಗುತ್ತಿದೆ ಎಂದರ್ಥ.

ಶೇಡ್ ಹಾಲುಬಿಳಿ ಗಾಜಿನದಾಗಿರಲಿ. ಒಳಗಿನ ತಂತಿ ಕಾಣುವ ತಿಳಿಗಾಜಿನ ದೀಪಗಳು ಫೋಟೊದಲ್ಲಿ ಮೋಹಕ. ಕನ್ನಡಿಯ ಪಕ್ಕದಲ್ಲಿ, ಅದೂ ಕಣ್ಣಿನ ಮಟ್ಟದಲ್ಲಿ, ಬರಿಯ ಕಿರಿಕಿರಿ. ಮೈಗೆ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಬಾಳುತ್ತದೆ, ಒಳ್ಳೆಯ ಪ್ಲಾಸ್ಟಿಕ್ ಕೂಡ ಆದೀತು. ಲೋಹದ ಲೇಪ ಹಾಕಿದ ಕಬ್ಬಿಣವಾದರೆ ತಿರುಪಿನ ಸುತ್ತ ತುಕ್ಕು ಶುರುವಾಗುತ್ತದೆ. ಬಲ್ಬು ಬದಲಿಸಲು ಬರುವ ದೀಪವೇ ನನಗಿಷ್ಟ. ಎಲ್‌ಇಡಿ ಒಳಗೇ ಸೇರಿಕೊಂಡಿದ್ದರೆ, ಅದಕ್ಕೆ ವಿದ್ಯುತ್ತನ್ನು ಹದಮಾಡಿ ಕೊಡುವ ಡ್ರೈವರ್ ಕೆಟ್ಟ ದಿನ ಸಾಮಾನ್ಯವಾಗಿ ಇಡೀ ದೀಪವನ್ನೇ ಕಳಚಬೇಕಾಗುತ್ತದೆ.

ಐದನೆಯ ಹೆಜ್ಜೆ: ವೈರ್ ಮತ್ತು ಡ್ರಿಲ್

ವೈರಿಂಗ್ ಅನುಭವಿಗಳ ಕೆಲಸ. ಒದ್ದೆ ಮೈ ವಿದ್ಯುತ್ತಿಗೆ ಒಡ್ಡುವ ತಡೆ ಬಹಳ ಕಡಿಮೆ. ಕೋಣೆಯಲ್ಲಿ ಚಿಟಿಕೆಯಾಗಿ ಮುಗಿಯುವ ಷಾಕ್ ಬಚ್ಚಲಿನಲ್ಲಿ ಪ್ರಾಣ ತೆಗೆಯಬಲ್ಲದು. ನೀವು ಕೇಳಿ ಖಚಿತ ಮಾಡಿಕೊಳ್ಳಬೇಕಾದದ್ದು ಎರಡು. ಈ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ವಿದ್ಯುತ್ ಸೋರಿದೊಡನೆ ಲೈನನ್ನು ಕಡಿಯುವ ಸ್ವಿಚ್, ಇದೆಯೇ? ಲೋಹದ ದೀಪಕ್ಕೆ ಅರ್ಥಿಂಗ್ ವೈರ್ ಸೇರಿಸಿದ್ದೀರಾ? ಚೌಕದೊಳಗೆ ಚೌಕದ ಗುರುತಿರುವ ದೀಪ ಮಾತ್ರ ಇಮ್ಮಡಿ ಇನ್ಸುಲೇಷನ್ ಉಳ್ಳದ್ದು, ಅದಕ್ಕೆ ಅರ್ಥಿಂಗ್ ಬೇಡ. ಟೈಲ್ಸ್ ಮುಚ್ಚುವ ಮೊದಲು ಗೋಡೆಯ ಬಳಿ ಅಳತೆಪಟ್ಟಿ ಹಿಡಿದು ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಪೈಪು ಎಲ್ಲಿ, ವೈರು ಎಲ್ಲಿ ಎಂಬುದಕ್ಕೆ ಮುಂದೆ ಅದೊಂದೇ ಸಾಕ್ಷಿ.

ಟೈಲ್ ಕೊರೆಯುವಾಗ ಅವಸರ ಬೇಡ. ಮುಖ್ಯ ಸ್ವಿಚ್ ಆರಿಸಿ, ಟೆಸ್ಟರ್ ಇಟ್ಟು ನೋಡಿ. ಗುರುತಿನ ಮೇಲೆ ಅಂಟುಪಟ್ಟಿಯನ್ನು ಗುಣಾಕಾರದ ಚಿಹ್ನೆಯಂತೆ ಅಂಟಿಸಿದರೆ ಬಿಟ್ ಜಾರುವುದಿಲ್ಲ. ಡ್ರಿಲ್ಲಿನ ಸುತ್ತಿಗೆ ಬಡಿತವನ್ನು ನಿಲ್ಲಿಸಿ, ಟೈಲ್ ಬಿಟ್‌ನಿಂದ ಮೆಲ್ಲನೆ ಶುರುಮಾಡಿ. ಮೊದಲು ಬಿಳಿ ಪುಡಿ ಉದುರುತ್ತದೆ, ಕಿರಿಗುಟ್ಟುವ ಸದ್ದು ಬರುತ್ತದೆ. ಸದ್ದು ಮಂದವಾಗಿ ಪುಡಿಯ ಬಣ್ಣ ಬದಲಾದರೆ ಟೈಲ್ ದಾಟಿ ಗಾರೆಗೆ ತಲುಪಿದ್ದೀರಿ. ಬಿಟ್ ಬದಲಿಸಿ ಬಡಿತ ಹಾಕುವುದಿದ್ದರೆ ಆಮೇಲೆ. ಟೈಲಿನ ಅಂಚಿಗೆ ಹತ್ತಿರ ಕೊರೆದರೆ ಸೀಳುತ್ತದೆ. ನಲ್ಲಿಯ ನೇರ ಮೇಲೆ ಕೊರೆಯಲೇಬೇಡಿ, ಅಲ್ಲಿ ಪೈಪು ಏರಿರುವ ಸಾಧ್ಯತೆ ಹೆಚ್ಚು. ದೀಪದ ತಳಕ್ಕೆ ಮೇಲೆ ಮತ್ತು ಎರಡು ಪಕ್ಕ ಸಿಲಿಕೋನ್ ಎಳೆದು ಕೆಳಗಿನ ಅಂಚನ್ನು ತೆರೆದೇ ಬಿಡಿ. ಒಳಗೆ ಹನಿ ಕಟ್ಟಿದರೆ ಅದಕ್ಕೊಂದು ಹೊರದಾರಿ ಬೇಕು.

ರಾತ್ರಿಗೆ ಇನ್ನೊಂದು

ಸಾಧ್ಯವಾದರೆ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ ಮಂದವಾದ ಹಳದಿ ದೀಪವೊಂದನ್ನು ಬೇರೆ ಸ್ವಿಚ್ಚಿಗೋ ಚಲನೆ ಗುರುತಿಸುವ ಸೆನ್ಸರ್‌ಗೋ ಜೋಡಿಸಿ. ನಡುರಾತ್ರಿ ಎದ್ದವರಿಗೆ ನೆಲ ಕಂಡರೆ ಸಾಕು. ನೀಲಿ ಅಂಶವಿರುವ ಬಲವಾದ ಬೆಳಕು ಮೆದುಳಿಗೆ ಬೆಳಗಾಯಿತೆಂಬ ಸುದ್ದಿ ಮುಟ್ಟಿಸಿ ನಿದ್ದೆ ಕೆಡಿಸುತ್ತದೆ.

ದೀಪ ಹಾಕಿಸಿ ಒಂದು ವಾರ ಕಳೆದ ಮೇಲೆ, ಬಿಸಿನೀರಿನ ಸ್ನಾನ ಮುಗಿದ ಹೊತ್ತಿನಲ್ಲಿ ಶೇಡಿನ ಒಳಮೈಯನ್ನು ಗಮನಿಸಿ. ಹನಿ ಅಥವಾ ಮಂಜು ಕಂಡರೆ ನೀರು ತಡೆಯುವ ರಬ್ಬರ್ ಬಳೆ ತನ್ನ ತೋಡಿನಲ್ಲಿ ಸರಿಯಾಗಿ ಕೂತಿಲ್ಲ. ಮುಖ್ಯ ಸ್ವಿಚ್ ಆರಿಸಿ, ಶೇಡ್ ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಿ, ಬಳೆಯನ್ನು ಸುತ್ತಲೂ ಬೆರಳಿನಿಂದ ಒತ್ತಿ ಕೂರಿಸಿ ಮತ್ತೆ ತಿರುಪು ಬಿಗಿಯಿರಿ.