ಮಣಿಕಟ್ಟಿನ ಆಪರೇಷನ್‌ಗೆ ನಾನು ಒಪ್ಪಿದ್ದು ಹೇಗೆ

ಅಂಗೈ ಊರಿ ಬಿದ್ದಿದ್ದೆ. ಎಕ್ಸ್‌-ರೇಯಲ್ಲಿ ಮೂಳೆ ಮುರಿದಿರಲಿಲ್ಲ, ಉಳುಕು ಅಂದರು, ಊತವೂ ಇಳಿಯಿತು. ನೋವು ಮಾತ್ರ ಹೋಗಲಿಲ್ಲ. ಸುಮ್ನೆ ಕೂತಿದ್ದರೆ ಏನೂ ಇಲ್ಲ. ಕುರ್ಚಿಯ ಕೈ ಒತ್ತಿ ಏಳುವಾಗ, ಭಾರ ಎತ್ತುವಾಗ ಮಣಿಕಟ್ಟಿನ ಮೇಲ್ಭಾಗದಲ್ಲಿ ಚುಚ್ಚುತ್ತಿತ್ತು. ಆಗಾಗ ಒಳಗೆ ಏನೋ ಟಕ್ ಅಂತ ಜರುಗುತ್ತಿತ್ತು.

ಆ ಟಕ್ ಅನ್ನೇ ಕೈ ತಜ್ಞರು ಹಿಡಿದರು. ಅಂಗೈ ಬುಡದಲ್ಲಿ ಹೆಬ್ಬೆರಳ ಕಡೆ ಇರುವ ಗುಬುಟನ್ನು ಒತ್ತಿ ಹಿಡಿದು, ನನ್ನ ಕೈಯನ್ನು ಕಿರುಬೆರಳ ಕಡೆಯಿಂದ ಹೆಬ್ಬೆರಳ ಕಡೆಗೆ ವಾಲಿಸಿದರು. ಒತ್ತಿದ್ದನ್ನು ಬಿಟ್ಟ ಕೂಡಲೇ ಟಕ್, ಜೊತೆಗೆ ಅದೇ ನೋವು. ಇನ್ನೊಂದು ಕೈಗೂ ಹಾಗೇ ಮಾಡಿ ನೋಡಿದರು. ಕೆಲವರಿಗೆ ಕೀಲುಗಳೇ ಸಡಿಲ ಇದ್ದು ಎರಡೂ ಕಡೆ ಟಕ್ ಅನ್ನಬಹುದು, ಅಲ್ವಾ. ಆಮೇಲೆ ಮುಷ್ಟಿ ಬಿಗಿಯಾಗಿ ಹಿಡಿಸಿ ಎಕ್ಸ್‌-ರೇ. ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಅವುಗಳಲ್ಲಿ ಸ್ಕೇಫಾಯ್ಡ್, ಲೂನೇಟ್ ಎಂಬ ಎರಡನ್ನು ಕಟ್ಟಿಹಿಡಿದ ಲಿಗಮೆಂಟ್ ಹರಿದರೆ ಅವು ದೂರ ಸರಿಯುತ್ತವೆ. ಅಂತರ 3 ಮಿಲಿಮೀಟರ್‌ಗಿಂತ ಜಾಸ್ತಿ ಇದ್ದರೆ ಅನುಮಾನ ಬಲವಾಗುತ್ತದೆ. ನನ್ನದು ಕೈ ಸಡಿಲ ಬಿಟ್ಟಾಗ ಸರಿಯಾಗೇ ಕಾಣುತ್ತಿತ್ತು, ಮುಷ್ಟಿ ಹಿಡಿದಾಗ ಬಾಯಿ ಬಿಟ್ಟಿತ್ತು.

ಅವರು ಅವಸರ ಮಾಡಲಿಲ್ಲ. ಮೊದಲು ಸ್ಪ್ಲಿಂಟ್, ಅಂದರೆ ಮಣಿಕಟ್ಟು ಅಲುಗದಂತೆ ಹಿಡಿಯುವ ಪಟ್ಟಿ, ಜೊತೆಗೆ ಮುಂಗೈ ಸ್ನಾಯುಗಳಿಗೆ ವ್ಯಾಯಾಮ. ನೋವು ಕಮ್ಮಿಯಾಯಿತು, ಭಾರ ಬಿದ್ದರೆ ಮತ್ತೆ ಅದೇ ಕಥೆ.

ಲೆಕ್ಕಾಚಾರ ಶುರುವಾಗಿದ್ದು ಆಗ. ನೋವು ಇಷ್ಟೇ ಇರುತ್ತದೆ ಅನ್ನುವುದಾದರೆ ಸಹಿಸಿಕೊಂಡು ಇದ್ದುಬಿಡುತ್ತಿದ್ದೆ. ಆದರೆ ಮೂಳೆಗಳು ಜಾಗ ತಪ್ಪಿ ಉಜ್ಜುತ್ತಿದ್ದರೆ ವರ್ಷಗಳು ಕಳೆದಂತೆ ಕೀಲು ಸವೆಯಬಹುದು. ಯಾರಿಗೆ, ಯಾವಾಗ ಅಂತ ಮೊದಲೇ ಹೇಳಲು ಬರುವುದಿಲ್ಲ. ಸವೆದ ಮೇಲೆ ಲಿಗಮೆಂಟ್ ಸರಿ ಮಾಡಿ ಪ್ರಯೋಜನವಿಲ್ಲ. ಕೆಲವು ಮೂಳೆ ತೆಗೆಯುವುದೋ, ಒಂದಕ್ಕೊಂದು ಬೆಸೆಯುವುದೋ ಆಗುತ್ತದೆ.

ಆಪರೇಷನ್ ಕಡೆಯ ಪಟ್ಟಿಯೂ ಚಿಕ್ಕದಲ್ಲ. ಗಾಯ ಹಳೆಯದು, ಹರಿದ ತುದಿಗಳನ್ನು ಹೊಲಿಯುವ ಹಾಗಿರಲಿಲ್ಲ. ಅದೇ ಕೈಯ ಸ್ನಾಯುರಜ್ಜಿನ (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿಯ) ಎಳೆ ತೆಗೆದು ಮೂಳೆಗಳನ್ನು ಕಟ್ಟಬೇಕು. ಮೂಳೆಗಳು ಸರಿಯದಂತೆ ಒಳಗೆ ತಂತಿ ಹಾಕುತ್ತಾರೆ, ಅದು ಇರುವ ಒಂದೆರಡು ತಿಂಗಳು ಮಣಿಕಟ್ಟು ಅಲುಗಾಡಿಸುವಂತಿಲ್ಲ. ಮೊದಲಿನಷ್ಟು ಬಾಗುವುದಿಲ್ಲ. ನೋವು ಪೂರ್ತಿ ಹೋಗುತ್ತೆ ಅಂತ ಗ್ಯಾರಂಟಿಯೂ ಇಲ್ಲ.

"ನೀವು ಆಪರೇಷನ್ ಮಾಡಿದವರು ವರ್ಷದ ಮೇಲೂ ಏನು ಮಾಡೋಕಾಗಲ್ಲ ಅಂತಾರೆ, ಡಾಕ್ಟ್ರೇ?" ಅಂತ ಕೇಳಿದೆ. ಪುಷ್-ಅಪ್, ಅಂದರು. ನಾನು ಮೊದಲೂ ಮಾಡಿದವನಲ್ಲ ಬಿಡಿ. ನನಗೆ ಬೇಕಿದ್ದದ್ದು ಹಿಡಿತ. ಬಾಗುವುದು ಕಮ್ಮಿಯಾದರೆ ನಡೆಯುತ್ತದೆ. ದಿನವಿಡೀ ಕೈ ಬಾಗಿಸಿಯೇ ಕೆಲಸ ಮಾಡಬೇಕಾದವರಿಗೆ ಈ ಲೆಕ್ಕ ಬೇರೆಯೇ ಆಗಬಹುದು.

ಒಂದು ಷರತ್ತು ಹಾಕಿದೆ. ಎಂಆರ್‌ಐ ಎಲ್ಲವನ್ನೂ ತೋರಿಸುವುದಿಲ್ಲ. ಆದ್ದರಿಂದ ಮೊದಲು ಆರ್ತ್ರೋಸ್ಕೋಪಿ, ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ನೋಡುವುದು. ಕೀಲು ಸವೆದಿದ್ದರೆ ಅಲ್ಲೇ ನಿಲ್ಲಿಸಿ, ನನಗೆ ಎಚ್ಚರವಾದ ಮೇಲೆ ಮಾತಾಡಬೇಕು. ಇದನ್ನು ಒಪ್ಪಿಗೆ ಪತ್ರದಲ್ಲೇ ಬರೆಸಿದೆ. ಒಳಗೆ ಚೆನ್ನಾಗಿತ್ತು, ಮುಂದುವರಿಸಿದರು.

ಈಗ ಹಿಡಿತ ಗಟ್ಟಿಯಾಗಿದೆ. ಕೈ ಕೆಳಕ್ಕೆ ಮಡಚುವುದು ಇನ್ನೊಂದು ಕೈಯ ಅರ್ಧದಷ್ಟೇ. ಜಾಸ್ತಿ ಕೆಲಸ ಮಾಡಿದ ದಿನ ಸಂಜೆ ಸ್ವಲ್ಪ ನೋಯುತ್ತದೆ.