ಬಾವಿ ನೀರು ನಾರುತ್ತಿದೆಯಾ? ಪೌಡರ್ ಆಮೇಲೆ, ಮೊದಲು ಮೂಗು

ಕಳೆದ ಮಳೆಗಾಲದಲ್ಲಿ ನಮ್ಮ ಮನೆ ಬಾವಿ ನೀರು ಕೊಳೆತ ಮೊಟ್ಟೆಯ ಹಾಗೆ ನಾರಲು ಶುರುವಾಯಿತು. ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು, ಪೇಟೆಯಿಂದ ಒಂದು ಕಿಲೋ ಬ್ಲೀಚಿಂಗ್ ಪೌಡರ್ ತಂದು ಸುರಿದೆವು. ಮೂರು ದಿನ ಚಹಾ ಕೂಡ ಬಾಯಿಗಿಡುವ ಹಾಗಿರಲಿಲ್ಲ. ಹತ್ತನೇ ದಿನಕ್ಕೆ ಹಳೆ ವಾಸನೆ ವಾಪಸ್. ಕೊನೆಗೆ ಬೇಸಿಗೆಯಲ್ಲಿ ಕೆಸರು ತೆಗೆಯಲು ಬಂದವರು ಬುಟ್ಟಿಗಟ್ಟಲೆ ಕಪ್ಪು ಕೆಸರನ್ನು ಮೇಲಕ್ಕೆತ್ತಿ ಅಂಗಳದ ಬದಿಗೆ ಸುರಿದರು. ಹಲಸಿನ ಎಲೆ, ಅರ್ಧ ಕೊಳೆತ ಅಡಿಕೆ ಹಾಳೆ, ಯಾವ ಕಾಲದ್ದೋ ಒಂದು ಪ್ಲಾಸ್ಟಿಕ್ ಚೆಂಬು. "ಇದನ್ನು ಬಿಟ್ಟು ಪೌಡರ್ ಹಾಕಿದ್ರೆ ಸ್ನಾನ ಮಾಡದೆ ಸೆಂಟ್ ಹೊಡ್ಕೊಂಡ ಹಾಗೆ ಮಾರಾಯ್ರೆ" ಅಂದರು.

ಹಾಗಾಗಿ ಮೊದಲು ವಾಸನೆ ಎಲ್ಲಿಂದ ಅಂತ ನೋಡಿ. ಬಾವಿಯಿಂದ ನೇರ ಒಂದು ಕೊಡ ನೀರು ಸೇದಿ, ಬಾಟಲಿಗೆ ಅರ್ಧ ತುಂಬಿ, ಮುಚ್ಚಳ ಹಾಕಿ ಚೆನ್ನಾಗಿ ಕುಲುಕಿ, ಬಾವಿಕಟ್ಟೆಯಿಂದ ಸ್ವಲ್ಪ ದೂರ ಹೋಗಿ ಮೂಸಿ. ನಲ್ಲಿ ನೀರನ್ನೂ ಹಾಗೇ ಮಾಡಿ. ನಲ್ಲಿಯದ್ದು ಮಾತ್ರ ನಾರಿದರೆ ತಪ್ಪು ಬಾವಿಯದ್ದಲ್ಲ, ಟ್ಯಾಂಕ್ ಅಥವಾ ಪೈಪಿನದ್ದು. ಬಿಸಿನೀರು ಮಾತ್ರ ನಾರಿದರೆ ಗೀಸರ್ ಒಳಗಿನ ಮೆಗ್ನೀಸಿಯಂ ಸರಳನ್ನು ಮೆಕ್ಯಾನಿಕ್ ಹತ್ತಿರ ತೋರಿಸಿ.

ಬಾವಿಯದ್ದೇ ಅಂತಾದರೆ ಯಾವ ವಾಸನೆ ಅಂತ ಕೇಳಿಕೊಳ್ಳಿ. ಕೊಳೆತ ಮೊಟ್ಟೆ ಅಂದರೆ ಹೆಚ್ಚಾಗಿ ತಳದ ಕೆಸರು. ಅಲ್ಲಿ ಗಾಳಿ ಇರುವುದಿಲ್ಲ, ಕೆಲವು ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಅನಿಲ ಮಾಡುತ್ತವೆ. ಹಸಿ ಕಬ್ಬಿಣದ ವಾಸನೆ, ಬಟ್ಟೆಗೆ ಕೆಂಪು ಕಲೆ, ಮೇಲೆ ಎಣ್ಣೆಯಂಥ ಪೊರೆ ಇದ್ದರೆ ಕಬ್ಬಿಣದ ಅಂಶ. ಮುರಕಲ್ಲಿನ, ಅಂದರೆ ತೂತು ತೂತಿನ ಕೆಂಪು ಕಲ್ಲಿನ, ನೆಲದಲ್ಲಿ ಇದು ಸಾಮಾನ್ಯ. ಆ ಪೊರೆಗೆ ಕಡ್ಡಿ ತಾಗಿಸಿ ನೋಡಿ. ಕಬ್ಬಿಣದ್ದಾದರೆ ಒಣಗಿದ ಬಣ್ಣದ ಹಾಗೆ ಚೂರು ಚೂರಾಗುತ್ತದೆ, ನಿಜವಾದ ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ. ಪೆಟ್ರೋಲ್, ಡೀಸೆಲ್ ವಾಸನೆ ಬಂದರೆ ಕುಡಿಯುವುದನ್ನು ಅಲ್ಲಿಗೇ ನಿಲ್ಲಿಸಿ, ಕುದಿಸಿದರೂ ಅದು ಸರಿಹೋಗುವುದಿಲ್ಲ.

ಚರಂಡಿಯ ವಾಸನೆ ಬಂದರೆ ತಮಾಷೆಯಲ್ಲ. ಸುತ್ತ ಒಂದು ಸುತ್ತು ಹೊಡೆದು ಶೌಚದ ಗುಂಡಿ, ದನದ ಹಟ್ಟಿ, ಗೊಬ್ಬರದ ಗುಂಡಿ ಎಲ್ಲೆಲ್ಲಿವೆ ನೋಡಿ. ಬಾವಿಗೂ ಶೌಚದ ಗುಂಡಿಗೂ ಕಡಿಮೆ ಅಂದರೂ 15 ಮೀಟರ್ ಇರಬೇಕು ಅನ್ನುತ್ತಾರೆ, ಆದರೆ ಮುರಕಲ್ಲಿನ ತೂತುಗಳಲ್ಲಿ ನೀರು ಸಲೀಸಾಗಿ ಹರಿಯುವುದರಿಂದ ನಮ್ಮ ಕಡೆ ಅಷ್ಟು ದೂರವೂ ಕೆಲವೊಮ್ಮೆ ಸಾಲದು. ಗುಂಡಿ ಸರಿಮಾಡದೆ ಎಷ್ಟು ಪೌಡರ್ ಹಾಕಿದರೂ ದುಡ್ಡು ದಂಡ. ಅಲ್ಲಿವರೆಗೆ ಬೇರೆ ಕಡೆಯ ನೀರು ತನ್ನಿ, ಗತಿಯಿಲ್ಲದಿದ್ದರೆ ಚೆನ್ನಾಗಿ ಕೊತಕೊತ ಕುದಿಸಿಯೇ ಕುಡಿಯಿರಿ.

ಕೆಸರು ತೆಗೆಯಲು ಮಾರ್ಚ್‌ನಿಂದ ಮೇವರೆಗೆ ಒಳ್ಳೆ ಸಮಯ, ನೀರು ತಳ ಹಿಡಿದಿರುತ್ತದೆ. ಮಳೆಗಾಲದಲ್ಲಿ ಬಾವಿ ಖಾಲಿ ಮಾಡಬೇಡಿ, ಒದ್ದೆ ಮಣ್ಣು ಒಳಗೆ ಕುಸಿಯಬಹುದು. ಮತ್ತೆ, ನೀವೇ ಇಳಿಯುವ ಹುಮ್ಮಸ್ಸು ಬೇಡವೇ ಬೇಡ. ದೀಪ ಇಳಿಸಿ ನೋಡುವ ಕ್ರಮ ಇದೆ, ಅದು ಆರಿದರೆ ಕೆಳಗೆ ಉಸಿರಾಡಲು ಗಾಳಿ ಸಾಲದು ಅಂತ. ಆದರೆ ದೀಪ ಉರಿದರೆ ವಿಷಾನಿಲ ಇಲ್ಲ ಅಂತ ಅರ್ಥವಲ್ಲ. ಮೊಟ್ಟೆ ವಾಸನೆಯ ಅನಿಲ ಜಾಸ್ತಿಯಾದರೆ ಮೂಗೇ ಮರಗಟ್ಟಿ ವಾಸನೆ ಗೊತ್ತಾಗುವುದಿಲ್ಲ. ಒಳಗೆ ಒಬ್ಬರು ಬಿದ್ದರೆ ಅವರನ್ನು ಎತ್ತಲು ಇಳಿದವರೂ ಸಾಯುವುದು ಹೀಗೇ. ಗಾಳಿ ಊದುವ ವ್ಯವಸ್ಥೆ, ಸೊಂಟಕ್ಕೆ ಹಗ್ಗ, ಮೇಲೆ ಜನ ಇರುವ ತಂಡವನ್ನೇ ಕರೆಯಿರಿ. ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಲು ಬಿಡಬೇಡಿ, ಅದರ ಹೊಗೆಯೂ ವಿಷವೇ.

ಕೆಸರು ಹೋಗಿ ನೀರು ತುಂಬಿಕೊಂಡ ಮೇಲೆ ಪೌಡರ್. ಲೆಕ್ಕ ಸುಲಭ: ಬಾವಿಯ ಅಗಲ ಮತ್ತು ನೀರಿನ ಆಳವನ್ನು ಅಡಿಯಲ್ಲಿ ಅಳೆಯಿರಿ. ಅಗಲವನ್ನು ಅಗಲದಿಂದಲೇ ಗುಣಿಸಿ, ಅದನ್ನು ಆಳದಿಂದ, ಆಮೇಲೆ 22ರಿಂದ ಗುಣಿಸಿ. ಎಷ್ಟು ಲೀಟರ್ ಅಂತ ಸುಮಾರಾಗಿ ಸಿಗುತ್ತದೆ. ನಮ್ಮದು 8 ಅಡಿ ಅಗಲ, 12 ಅಡಿ ನೀರು, ಅಂದರೆ ಹತ್ತಿರ ಹತ್ತಿರ 17 ಸಾವಿರ ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಹೊಸ ಪೌಡರ್ ಸಾಕು, ಬಾವಿ ಕೊಳೆಯಾಗಿದ್ದಾಗ ಇದರ ಎರಡರಷ್ಟು. ನಮಗೆ ಬೇಕಿದ್ದದ್ದು 85 ಗ್ರಾಂ, ಹಾಕಿದ್ದು ಒಂದು ಕಿಲೋ!

ಪೌಡರನ್ನು ನೇರ ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ದೋಸೆ ಹಿಟ್ಟಿನ ಹಾಗೆ ಕಲಸಿ, ಮುಕ್ಕಾಲು ಬಕೆಟ್ ನೀರು ಸೇರಿಸಿ, ಹತ್ತು ನಿಮಿಷ ಬಿಡಿ. ಸುಣ್ಣ ಕೆಳಗೆ ಕೂರುತ್ತದೆ, ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ. ಅದನ್ನು ಹಗ್ಗದಲ್ಲಿ ನೀರಿನೊಳಗೆ ಇಳಿಸಿ ನಾಲ್ಕಾರು ಸಲ ಮೇಲೆ ಕೆಳಗೆ ಎಳೆದಾಡಿ. ಸಂಜೆ ಹಾಕಿದರೆ ಬೆಳಿಗ್ಗೆಗೆ ನೀರು ರೆಡಿ.

ವಾಸನೆ ಹೋಯಿತು ಅಂದ ಮಾತ್ರಕ್ಕೆ ನೀರು ಶುದ್ಧವಾಯಿತು ಅಂತಲ್ಲ. ಪೌಡರಿನ ವಾಸನೆ ಪೂರ್ತಿ ಹೋದ ಮೇಲೆ, ವಾರ ಎರಡು ವಾರ ಬಿಟ್ಟು, ಒಮ್ಮೆ ಲ್ಯಾಬಿಗೆ ಕೊಡಿ. ಬಾಟಲಿಯನ್ನು ಲ್ಯಾಬಿನಿಂದಲೇ ತನ್ನಿ, ಮನೆಯ ಜ್ಯೂಸ್ ಬಾಟಲಿ ತೊಳೆದು ತುಂಬಿ ಕೊಟ್ಟರೆ ಬಾವಿಯದ್ದಲ್ಲ, ಬಾಟಲಿಯದ್ದೇ ರಿಪೋರ್ಟ್ ಬರುತ್ತದೆ.